ನಲವತ್ತು ಸೆಕೆಂಡು, ಆರು ದಿನ

ದೀಪಾವಳಿ ಮುಗಿಸಿಕೊಂಡು ಊರಿನಿಂದ ಹಿಂದಿರುಗುವವರ ನೂಕುನುಗ್ಗಲು ನಮ್ಮಲ್ಲಿ ಹೇಗೋ ಜಪಾನಿನಲ್ಲಿ ಹೊಸ ವರ್ಷಕ್ಕೆ ಹಾಗೆ. 2024ರ ಜನವರಿ 2ರ ಸಂಜೆ 5 ಗಂಟೆ 47 ನಿಮಿಷಕ್ಕೆ ಟೋಕಿಯೋದ ಹನೇಡಾ ವಿಮಾನ ನಿಲ್ದಾಣದಲ್ಲಿ ಆ ನೂಕುನುಗ್ಗಲು ಇದ್ದಕ್ಕಿದ್ದಂತೆ ಸ್ತಬ್ಧವಾಯಿತು. ಉತ್ತರದ ಸಪ್ಪೊರೊ ಕಡೆಯಿಂದ 379 ಮಂದಿಯನ್ನು ಹೊತ್ತು ಬಂದ ಜಪಾನ್ ಏರ್‌ಲೈನ್ಸಿನ ಏರ್‌ಬಸ್ ಎ350 ವಿಮಾನ ನೆಲ ಮುಟ್ಟಿದ್ದೇ ತಡ, ಅದೇ ರನ್‌ವೇ ಮೇಲೆ ನಿಂತಿದ್ದ ಕರಾವಳಿ ರಕ್ಷಣಾ ಪಡೆಯ ಪುಟ್ಟ ವಿಮಾನಕ್ಕೆ ಹಿಂದಿನಿಂದ ಅಪ್ಪಳಿಸಿತು. ಹಿಂದಿನ ದಿನವಷ್ಟೇ ನೋಟೊ ಪರ್ಯಾಯ ದ್ವೀಪ ಭೂಕಂಪಕ್ಕೆ ತುತ್ತಾಗಿತ್ತು. ಅಲ್ಲಿನ ನಿರಾಶ್ರಿತರಿಗಾಗಿ ಸಾಮಗ್ರಿ ಒಯ್ಯಲು ಹೊರಟಿದ್ದ ವಿಮಾನವದು. ಅದರಲ್ಲಿದ್ದ ಆರು ಮಂದಿಯಲ್ಲಿ ಐವರು ಸತ್ತರು.

ದೊಡ್ಡ ವಿಮಾನ ಸುಟ್ಟು ಕರಕಲಾಯಿತು, ಅದರಲ್ಲಿದ್ದವರು ಮಾತ್ರ ಎಲ್ಲರೂ ಉಳಿದರು. 90 ಸೆಕೆಂಡುಗಳಲ್ಲಿ ಇಳಿದುಬಿಟ್ಟರು ಎಂದು ಆಗ ಕೆಲವರು ಬರೆದದ್ದುಂಟು. ಅದು ತಪ್ಪು. ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡುಗಳಲ್ಲಿ ಎಲ್ಲರೂ ಹೊರಬರುವಂತಿರಬೇಕು ಎಂಬುದು ವಿಮಾನದ ವಿನ್ಯಾಸಕ್ಕೆ ಇಟ್ಟ ಪರೀಕ್ಷೆ. ಹನೇಡಾದಲ್ಲಿ ಕೊನೆಯವರಾಗಿ ಕ್ಯಾಪ್ಟನ್ ಇಳಿಯುವ ಹೊತ್ತಿಗೆ ಸುಮಾರು 18 ನಿಮಿಷ ಆಗಿತ್ತು. ಧ್ವನಿವರ್ಧಕ ಕೆಟ್ಟಿತ್ತು, ಸಿಬ್ಬಂದಿ ಮೆಗಾಫೋನ್ ಹಿಡಿದು ಕೂಗಬೇಕಾಯಿತು. ಎಂಟು ಬಾಗಿಲುಗಳಲ್ಲಿ ಬೆಂಕಿ ತಾಗದ ಮೂರನ್ನಷ್ಟೇ ಬಳಸಿದರು.

ಈ ಕಥೆ ಎಲ್ಲರಿಗೂ ಗೊತ್ತು. ಹನೇಡಾಕ್ಕೆ ಇರುವುದು ನಾಲ್ಕು ರನ್‌ವೇ, ಅಪಘಾತವಾದದ್ದು ಒಂದರಲ್ಲಿ. ಉಳಿದ ಮೂರನ್ನೂ ಮುಚ್ಚಿದ್ದೇಕೆ? ಕೌಂಟರುಗಳ ಮುಂದೆ ಸಾಲುಗಟ್ಟಿ ನಿಂತವರ ಮನಸ್ಸಿನಲ್ಲೂ ಈ ಪ್ರಶ್ನೆ ಎದ್ದಿರಬೇಕು.

ಉತ್ತರ ಬೆಂಕಿ ಆರಿಸುವ ಬಂಡಿಗಳಲ್ಲಿದೆ. ದೊಡ್ಡ ವಿಮಾನ ಇಳಿಯಬೇಕಾದರೆ ನಿಲ್ದಾಣದಲ್ಲಿ ಇಂತಿಷ್ಟು ಅಗ್ನಿಶಾಮಕ ಬಲ ಕೈಗೆ ಸಿಗುವಂತಿರಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಬಂಡಿಗಳೆಲ್ಲ ಒಂದು ಬೆಂಕಿಯ ಸುತ್ತ ನಿಂತಿರುವಾಗ ಇನ್ನೊಂದು ವಿಮಾನವನ್ನು ಇಳಿಸುವುದು ಜೂಜಾಟವೇ ಸರಿ. ಆಕಾಶದಲ್ಲಿದ್ದವು ನರಿಟ, ನಗೋಯಾ ಮುಂತಾದ ಕಡೆಗೆ ತಿರುಗಿದವು. ಬದಲಿ ನಿಲ್ದಾಣ ತಲುಪುವಷ್ಟು, ಆಮೇಲೂ ಅರ್ಧ ಗಂಟೆ ಸುತ್ತುವಷ್ಟು ಇಂಧನ ಇಟ್ಟುಕೊಂಡೇ ವಿಮಾನ ಹೊರಡುವುದು ಇಂಥ ದಿನಕ್ಕಾಗಿಯೇ. ಆದರೆ ವಿಮಾನವೊಂದು ದಿನಕ್ಕೆ ನಾಲ್ಕೈದು ಊರು ಸುತ್ತುತ್ತದೆ. ರಾತ್ರಿ ತಪ್ಪು ಊರಿನಲ್ಲಿ ಉಳಿದ ವಿಮಾನ ಬೆಳಿಗ್ಗೆ ಸರಿಯಾದ ಊರಿನಲ್ಲಿ ಇರುವುದಿಲ್ಲ, ಪೈಲಟ್ಟುಗಳ ಕೆಲಸದ ಅವಧಿಯೂ ಮುಗಿದಿರುತ್ತದೆ. ಬೆಂಕಿಯನ್ನು ಕಣ್ಣಿಂದಲೂ ಕಾಣದ ದೂರದೂರಿನ ಪ್ರಯಾಣಿಕ ‘ರದ್ದು’ ಎಂಬ ಫಲಕ ನೋಡುವುದು ಹೀಗೆ.

ಮೂರು ರನ್‌ವೇಗಳು ಅಂದು ರಾತ್ರಿ 9.30ರ ಸುಮಾರಿಗೆ ತೆರೆದವು. ನಾಲ್ಕರಲ್ಲಿ ಮೂರು ಸಿಕ್ಕರೆ ಮುಕ್ಕಾಲು ಕೆಲಸ ನಡೆಯಬೇಕಲ್ಲ ಎನ್ನುವ ಲೆಕ್ಕ ಇಲ್ಲಿ ನಡೆಯದು. ವಿಮಾನಗಳು ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಆಗ ಕಡಿಮೆ ವೇಗದಲ್ಲೇ ರೆಕ್ಕೆಗೆ ಬೇಕಾದ ಗಾಳಿ ಸಿಗುತ್ತದೆ. ಅಪಘಾತವಾದ ರನ್‌ವೇಯ ಹೆಸರು 34 ಬಲ. ಅಂದರೆ ದಿಕ್ಸೂಚಿಯಲ್ಲಿ ಸುಮಾರು 340 ಡಿಗ್ರಿ, ಉತ್ತರಕ್ಕೆ ತುಸು ಪಶ್ಚಿಮ. ಉತ್ತರದ ಗಾಳಿ ಬೀಸುವಾಗ ಹನೇಡಾದಲ್ಲಿ ಇಳಿಯಲೂ ಏರಲೂ ಬಳಸುವ ರನ್‌ವೇ ಇದೇ. ಚಳಿಗಾಲದಲ್ಲಿ ಅದನ್ನು ಕಳೆದುಕೊಳ್ಳುವುದೆಂದರೆ ಎತ್ತಿನ ಜೋಡಿಯಲ್ಲಿ ಒಂದನ್ನು ಕಳೆದುಕೊಂಡಂತೆ. ಮುಂದಿನ ದಿನಗಳಲ್ಲಿ ನೂರಾರು ಹಾರಾಟಗಳು ರದ್ದಾದವು, ಜನ ಬುಲೆಟ್ ರೈಲಿಗೆ ಮುಗಿಬಿದ್ದರು.

ಇಷ್ಟಕ್ಕೆಲ್ಲ ಕಾರಣವಾದ ಎಡವಟ್ಟು ಎಷ್ಟು ದೊಡ್ಡದು? ಪುಟ್ಟ ವಿಮಾನಕ್ಕೆ ಗೋಪುರದಿಂದ ಬಂದ ಸೂಚನೆ, ರನ್‌ವೇ ಅಂಚಿನ ತಂಗುಗೆರೆಯವರೆಗೆ ಹೋಗು ಎಂದು. ಜೊತೆಗೆ ‘ನಂಬರ್ ಒನ್’ ಎಂಬ ಮಾತಿತ್ತು. ಹೊರಡುವ ಸರದಿಯಲ್ಲಿ ನೀನು ಮೊದಲು ಎಂದಷ್ಟೇ ಅದರ ಅರ್ಥ. ತಂಗುಗೆರೆಯ ಹೆಸರನ್ನು ಪುಟ್ಟ ವಿಮಾನದವರು ಸರಿಯಾಗಿಯೇ ಮರುನುಡಿದರು. ಆದರೂ ರನ್‌ವೇಗೆ ಹೋಗಲು ಅನುಮತಿ ಸಿಕ್ಕಿದೆ ಎಂದು ಅದರ ಕ್ಯಾಪ್ಟನ್ ತಿಳಿದರು. ವಿಮಾನ ಗೆರೆ ದಾಟಿ ರನ್‌ವೇ ಮೇಲೆ ಸುಮಾರು 40 ಸೆಕೆಂಡು ನಿಂತಿತು. ಕತ್ತಲಲ್ಲಿ ಅದರ ಪುಟ್ಟ ದೀಪಗಳು ರನ್‌ವೇಯ ದೀಪಗಳ ನಡುವೆ ಬೆರೆತುಹೋದವು.

ಗೋಪುರದೊಳಗೆ ಒಂದು ಪರದೆ ಎಚ್ಚರಿಸುತ್ತಲೇ ಇತ್ತು. ಇಳಿಯಲು ವಿಮಾನ ಬರುತ್ತಿರುವಾಗ ಇನ್ನೊಂದು ರನ್‌ವೇಗೆ ನುಗ್ಗಿದರೆ ಪರದೆಯಲ್ಲಿ ರನ್‌ವೇ ಹಳದಿಯಾಗುತ್ತದೆ, ವಿಮಾನ ಕೆಂಪಾಗುತ್ತದೆ. ಅಂದೂ ಆಯಿತು. ಯಾರೂ ಗಮನಿಸಲಿಲ್ಲ. ಅದಕ್ಕೆ ಬಣ್ಣವಿತ್ತು, ದನಿ ಇರಲಿಲ್ಲ. ಕಣ್ಣು ತಾನು ತಿರುಗಿದ ಕಡೆಯನ್ನು ಮಾತ್ರ ನೋಡುತ್ತದೆ, ಕಿವಿಗೆ ಹಾಗಿಲ್ಲ. ತರಗತಿಯ ಗದ್ದಲದಲ್ಲೂ ಗಂಟೆ ಹೊಡೆದರೆ ಕೇಳದ ಹುಡುಗನಿಲ್ಲ! ಇಷ್ಟು ಸಾಮಾನ್ಯ ಸಂಗತಿ ಇಷ್ಟು ದುಬಾರಿ ಯಂತ್ರ ಕೂರಿಸಿದವರಿಗೆ ಹೊಳೆಯದೆ ಹೋದದ್ದು ಸೋಜಿಗ.

ಅವಶೇಷ ಎತ್ತಲು ಇಷ್ಟು ದಿನವೇ ಎಂದು ಗೊಣಗಿದವರೂ ಇದ್ದಿರಬಹುದು. ಎ350ರ ದೇಹದ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಇಂಗಾಲದ ಎಳೆಗಳನ್ನು ಅಂಟಿನಲ್ಲಿ ಹುದುಗಿಸಿದ ವಸ್ತು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿ ಹರಿಯುತ್ತದೆ. ಇದು ಕರಗುವುದಿಲ್ಲ, ಅಂಟು ಸುಟ್ಟು ಎಳೆಗಳು ಉಳಿಯುತ್ತವೆ. ಆ ನವಿರಾದ ಚೂರುಗಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮುಖವಾಡ ತೊಟ್ಟೇ ಕೆಲಸ ಮಾಡಬೇಕು. ಅಲ್ಲದೆ ಪ್ರತಿ ತುಂಡೂ ತನಿಖೆಗೆ ಸಾಕ್ಷಿ. ಎಲ್ಲಿ ಬಿದ್ದಿತ್ತೆಂದು ಗುರುತಿಸುವ ಮೊದಲೇ ಬುಲ್ಡೋಜರ್ ಹಾಯಿಸಿದರೆ ಐದು ಜೀವಗಳ ಲೆಕ್ಕ ಕೇಳುವವರಿಗೆ ಉತ್ತರವೇ ಸಿಗುವುದಿಲ್ಲ.

ಜನವರಿ 8ರಂದು ರನ್‌ವೇ ಮತ್ತೆ ತೆರೆಯಿತು. ‘ನಂಬರ್ ಒನ್’ ಎಂಬ ಮಾತನ್ನು ಕೆಲಕಾಲ ಕೈಬಿಟ್ಟರು. ಅದಕ್ಕೂ ಎರಡು ದಿನ ಮೊದಲೇ, 6ರಿಂದ, ಗೋಪುರಕ್ಕೆ ಇನ್ನೊಬ್ಬರನ್ನು ನೇಮಿಸಲಾಗಿತ್ತು. ವಿಮಾನಗಳೊಂದಿಗೆ ಮಾತಾಡುವುದು ಅವರ ಕೆಲಸವಲ್ಲ. ಆ ಪರದೆಯನ್ನು ನೋಡುತ್ತ ಕೂರುವುದಷ್ಟೇ.