ಗೊರಕೆಯನ್ನೂ ವೈದ್ಯರಿಗೆ ಹೇಳಿ

ಮಾತ್ರೆ ತಪ್ಪಿಸದೆ ನುಂಗಿದರೂ ಫಿಟ್ಸ್ ಹತೋಟಿಗೆ ಬರುತ್ತಿಲ್ಲವೇ? ಹಾಗಿದ್ದರೆ ರಾತ್ರಿಯ ಗೊರಕೆಯನ್ನೂ ಗಮನಿಸಬೇಕು.

ಗೊರಕೆ ಎಂದರೆ ಸೊಂಪಾದ ನಿದ್ದೆ ಎಂದೇ ನಮ್ಮಲ್ಲಿ ನಂಬಿಕೆ. ಸ್ಲೀಪ್ ಆಪ್ನಿಯಾ ಇರುವವರಲ್ಲಿ ನಡೆಯುವುದೇ ಬೇರೆ. ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತು, ರಕ್ತದಲ್ಲಿ ಆಮ್ಲಜನಕ ಇಳಿದು, ಮೆದುಳು ಎಚ್ಚರಗೊಳ್ಳುತ್ತದೆ. ರಾತ್ರಿಯಿಡೀ ಹೀಗೆ ನಿದ್ದೆ ತುಂಡಾಗುತ್ತದೆ. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು.

ಅಮೆರಿಕದಲ್ಲಿ ಔಷಧಕ್ಕೆ ಬಗ್ಗದ ಅಪಸ್ಮಾರವಿದ್ದ 39 ಮಂದಿಯನ್ನು ಪರೀಕ್ಷಿಸಿದಾಗ ಮೂರರಲ್ಲಿ ಒಂದು ಪಾಲು ಜನರಿಗೆ ಆಪ್ನಿಯಾ ಇತ್ತು. ಈ ಅಧ್ಯಯನ 2000ರಲ್ಲಿ ಪ್ರಕಟವಾಯಿತು. ಫಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್ ಕೆಲವರ ತೂಕ ಹೆಚ್ಚಿಸುತ್ತದೆ. ತೂಕ ಏರಿದರೆ ಆಪ್ನಿಯಾ ಬಿಗಡಾಯಿಸಬಹುದು. ಹಾಗೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸುವುದು ಅಪಾಯಕಾರಿ.

ಊರು ಬಿಟ್ಟು ಪುಣೆ, ಹೈದರಾಬಾದ್‌ಗಳ ಪಿ.ಜಿ.ಗಳಲ್ಲಿರುವ ನಮ್ಮ ನಿದ್ದೆಗೆ ರೂಮ್‌ಮೇಟ್ ಒಬ್ಬನೇ ಸಾಕ್ಷಿ. ಆದರೆ ನೌಕರಿ, ಮದುವೆಯ ಭಯದಲ್ಲಿ ಫಿಟ್ಸ್ ವಿಷಯ ಮುಚ್ಚಿಡುತ್ತೇವೆ. ಗೊರಕೆಯನ್ನು ತಮಾಷೆ ಮಾಡಿ ಮರೆಯುತ್ತೇವೆ. ವೈದ್ಯರಿಗೆ ಅರ್ಧ ಕತೆಯಷ್ಟೇ ತಲುಪುತ್ತದೆ.

ಆಪ್ನಿಯಾ ಪತ್ತೆಗೆ ಒಂದು ರಾತ್ರಿಯ ಸ್ಲೀಪ್ ಸ್ಟಡಿ ಇದೆ. ಗಾಳಿಯ ಒತ್ತಡದಿಂದ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರವಿದೆ. ಅದನ್ನು ತಪ್ಪದೆ ಬಳಸಿದ ಕೆಲವರಲ್ಲಿ ಫಿಟ್ಸ್ ಕೂಡ ಕಡಿಮೆಯಾಗಿದೆ. ಆದ್ದರಿಂದ ನಿಮಗೆ ಫಿಟ್ಸ್ ಇದೆಯೆಂದು ರೂಮ್‌ಮೇಟ್‌ಗೆ ತಿಳಿಸಿ. ನಿದ್ದೆಯಲ್ಲಿ ಉಸಿರು ಕಟ್ಟುವುದನ್ನು ಕಂಡರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಲು ಹೇಳಿ. ನರರೋಗ ತಜ್ಞರನ್ನು ಕಾಣಲು ಹೋಗುವಾಗ ಅದೂ ಜೊತೆಗಿರಲಿ.