ತೆಳುಗೋಡೆಯ ಲೆಕ್ಕ

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಸೈಟು ಕೊಂಡ ಹಲವರು ಮನೆಗಿಂತ ಮೊದಲು ಕಾಂಪೌಂಡು ಕಟ್ಟಿಸುತ್ತಾರೆ. ನಾಲ್ಕೂವರೆ ಇಂಚು ದಪ್ಪ, ಆರಡಿ ಎತ್ತರ. ಜಾಗವೂ ಉಳಿಯಿತು, ಇಟ್ಟಿಗೆಯೂ ಉಳಿಯಿತು ಎಂಬ ಸಮಾಧಾನ. ಆದರೆ ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಮಲಗುವುದೂ ಇಂಥ ಗೋಡೆಗಳೇ. ಪಕ್ಕದಲ್ಲಿ ಮಕ್ಕಳು ಆಡುತ್ತಿದ್ದರೆ ಗತಿಯೇನು?

ಎತ್ತರವನ್ನು ದಪ್ಪದಿಂದ ಭಾಗಿಸಿ. ಈ ಗೋಡೆಗೆ ಬರುವ ಉತ್ತರ 16. ಒಂಟಿಯಾಗಿ ನಿಂತ ಗೋಡೆಗೆ ಇದು ಹೆಚ್ಚಾಯಿತು. ಗಾಳಿಯ ಒತ್ತಡ ತೀರ ಕಡಿಮೆ ಇರುವಲ್ಲಿಯೂ ಈ ಸಂಖ್ಯೆ 10 ಮೀರಬಾರದೆನ್ನುತ್ತದೆ 1987ರ ಭಾರತೀಯ ಮಾನಕ ಐ.ಎಸ್. 1905. ಗಾಳಿ ಜೋರಾದಷ್ಟೂ ಮಿತಿ 7, 5, 4 ಎಂದು ಇಳಿಯುತ್ತದೆ.

ಕಾರಣ ಸರಳ. ಗಾಳಿ ಗೋಡೆಯನ್ನು ಉರುಳಿಸಲು ನೋಡುತ್ತದೆ, ಗೋಡೆಯ ತೂಕ ತಡೆಯುತ್ತದೆ. ಗಾರೆಯ ಅಂಟನ್ನು ನಂಬದೆ ಲೆಕ್ಕ ಹಾಕಿದರೆ, ಗಂಟೆಗೆ ಸುಮಾರು 55 ಕಿ.ಮೀ. ವೇಗದ ಗಾಳಿಯೇ ನಮ್ಮ ಗೋಡೆಗೆ ಸಾಕು. ದಪ್ಪವನ್ನು ಒಂಬತ್ತು ಇಂಚು ಮಾಡಿ: ತೂಕ ಇಮ್ಮಡಿ, ತೂಕ ನೆಲಕ್ಕಿಳಿಯುವ ಗೆರೆಯಿಂದ ಅಂಚಿಗಿರುವ ದೂರವೂ ಇಮ್ಮಡಿ. ಹೀಗೆ ತಡೆಯುವ ಶಕ್ತಿ ನಾಲ್ಕು ಪಟ್ಟಾಗುತ್ತದೆ!

ಮನೆಯ ಗೋಡೆಯ ಮಾತು ಬೇರೆ. ಮೇಲೆ ಆರ್‌ಸಿಸಿ ಚಾವಣಿ, ಕೆಳಗೆ ಅಡಿಪಾಯ ಎರಡೂ ಹಿಡಿದಿರುವುದರಿಂದ ಹತ್ತಡಿ ಗೋಡೆಯನ್ನು ಏಳೂವರೆ ಅಡಿಯೆಂದೇ ಎಣಿಸಬಹುದು. ಸಿಮೆಂಟು ಗಾರೆಗೆ ಮಿತಿ 27. ಸುಣ್ಣದ ಗಾರೆಗೆ ಎರಡು ಅಂತಸ್ತಿನವರೆಗೆ 20, ಅದಕ್ಕಿಂತ ಮೇಲಾದರೆ 13 ಮಾತ್ರ. ಒಂಬತ್ತಿಂಚು ಗೋಡೆಗೆ ಬರುವುದು 10, ನಿಶ್ಚಿಂತೆ.

ದಪ್ಪ ಹೆಚ್ಚಿಸದೆಯೂ ಬಲ ತರಬಹುದು. ಕಾಗದದ ಹಾಳೆ ನೆಟ್ಟಗೆ ನಿಲ್ಲದು, ಅಂಕುಡೊಂಕಾಗಿ ಮಡಿಸಿದರೆ ನಿಲ್ಲುತ್ತದೆ. ಹರಿಹರಕ್ಕೆ ಹೋದಾಗ ಹೊಯ್ಸಳ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ತೆರೆದ ಮಂಟಪವನ್ನು ನೋಡಿ. ಅದರ ಅಂಚಿನ ಗೋಡೆ ನೇರಗೆರೆಯಲ್ಲ, ಮೂಲೆ ಮೂಲೆಯಾಗಿ ತಿರುಗುತ್ತದೆ. ಪ್ರತಿ ತಿರುವೂ ಪಕ್ಕದ ತುಂಡಿಗೆ ಆಸರೆ. ಕಾಂಪೌಂಡಿನ ನಡುನಡುವೆ ನಿಲ್ಲಿಸುವ ಪಿಲ್ಲರ್ ಮಾಡುವುದೂ ಇದೇ ಕೆಲಸ.

ಆದ್ದರಿಂದ ಮೇಸ್ತ್ರಿಗೆ ಅಳತೆ ಹೇಳುವ ಮುನ್ನ ಭಾಗಾಕಾರ ಮಾಡಿ. ಇರುವ ಗೋಡೆಗೆ ತೂಗುಗುಂಡು ಹಿಡಿದು ನೋಡಿ. ವಾಲಿದ್ದರೆ, ಬುಡದಲ್ಲಿ ಮಳೆನೀರು ನಿಲ್ಲುತ್ತಿದ್ದರೆ, ಒಂದು ಬದಿಗೆ ಮಣ್ಣು ಮರಳು ರಾಶಿ ಹಾಕಿದ್ದರೆ ಮುಂದಿನ ಗಾಳಿಯವರೆಗೆ ಕಾಯಬೇಡಿ. ಉಳಿಸಿದ ಇಟ್ಟಿಗೆಯ ಬೆಲೆ ಒಂದು ಜೀವಕ್ಕಿಂತ ದೊಡ್ಡದಲ್ಲ.