ಭಂಗಾರ ಅಲ್ರಿ, ಬಂಗಾರ ಅದ

ಈ ಸಲ ತೊಗರಿ ಬಗ್ಗೆ ಅಲ್ಲ, ಕಬ್ಬಿಣದ ಬಗ್ಗೆ ಬರೀತೀನಿ. ಸಿಟ್ಟು ಬಂದದ, ಸ್ವಲ್ಪ ಉದ್ದ ಆದೀತು.

ನಮ್ಮೂರ ಬಡಿಗೇರ ಮುತ್ಯಾ ತೀರಿಕೊಂಡು ನಾಲ್ಕು ವರ್ಷ ಆತು. ಮಕ್ಕಳು ಪುಣೆದಾಗ ಅವರ. ಅವನ ಕಟಿಗಿ ತಿರುಗಿಸೋ ಲೇಥ್ ಮಷೀನ್ ಮನಿ ಹಿಂದ ಮಳಿಯಾಗ ನೆನೆದು ಕೆಂಪಗಾಗಿತ್ತು. ಹೋದ ತಿಂಗಳು ಭಂಗಾರದಾಂವ ಬಂದು ಕಿಲೋಕ್ಕ 30 ರೂಪಾಯಿ ಅಂದ. ನಿಂತವರೆಲ್ಲ "ಕೊಟ್ಟು ಬಿಡ್ರಿ ಆಯಿ, ಜಂಗು ತಿಂದದ" ಅಂದ್ರು. ನಮ್ಮೆಲ್ಲರ ಮನಿ ಲಟ್ಟಣಗಿ, ತೊಟ್ಟಿಲ ಕಂಬ, ಕುಡಗೋಲಿನ ಹಿಡಿ ಅದೇ ಮಷೀನ್ ಮ್ಯಾಲೆ ಆದವು. ಭಂಗಾರದಾಂವ ಹೇಳಿದ್ದಕ್ಕಿಂತ 500 ಹೆಚ್ಚಿಗಿ ಕೊಟ್ಟು ನಾನೇ ತಂದೆ.

ಜಂಗು ಅಂದ್ರ ಮ್ಯಾಲಿನ ಚರ್ಮ ಅಷ್ಟೇ. ಹಿಡಿದ ನಟ್ಟುಗಳಿಗೆ ಎರಡು ದಿನ ಡೀಸೆಲ್ ಬಿಟ್ಟೆ, ಸುತ್ತಿಗಿ ಮುಟ್ಟಲಿಲ್ಲ. ಬೀಡು ಏಟಿಗೆ ಸೀಳ್ತದ. ಸಣ್ಣ ಸಾಮಾನು ಹುಣಸಿ ಹುಳಿ ನೀರಾಗ ಒಂದು ರಾತ್ರಿ ಇಟ್ಟು, ಸೋಡಾ ನೀರಿನಾಗ ತೊಳೆದು, ಬಿಸಲಿಗೆ ಒಣಗಿಸಿ ತಕ್ಷಣ ಎಣ್ಣಿ ಹಚ್ಚಿದೆ. ತಡ ಮಾಡಿದ್ರ ಮತ್ತ ಜಂಗು ಬರ್ತದ. ಬೆಡ್ಡಿಗೆ ಕಟಿಗಿ ತುಂಡಿಗೆ ಪಾಲಿಶ್ ಪೇಪರ್ ಸುತ್ತಿ ಕೈಲೇ ತಿಕ್ಕಿದೆ. ಬೇರಿಂಗ್ ಹೋಗಿದ್ವು, ಅದರ ಮ್ಯಾಲಿನ ನಂಬರ್ ತೋರಿಸಿ ಹೊಸವು ತಂದೆ. ಎಂಟು ಸಂಜಿ ಕೆಲಸ.

ಇನ್ನೊಂದು ಥರದವರು ಅವರ. ಗ್ರೈಂಡರ್ ಹಚ್ಚಿ ಗರಗರ ಉಜ್ಜಿ, ಹಸಿರು ಬಣ್ಣ ಬಳಿದು ಫೋಟೋ ಹಾಕ್ತಾರ. ನೋಡಲಿಕ್ಕ ಮದಿಮಗ, ಕೆಲಸಕ್ಕ ಸೊನ್ನಿ. ಬೆಡ್ ಮ್ಯಾಲೆ ತಗ್ಗು ಬಿದ್ರ ಹಿಂದಿನ ತಲಿ ಗಟ್ಟಿ ಕೂಡಂಗಿಲ್ಲ, ಕಟಿಗಿ ಅದುರತದ. ಇದು ಮಾರೋದಕ್ಕಿಂತ ಕಡಿಮಿ ಪಾಪ ಅಲ್ಲ.

"ಪ್ಯಾಟ್ಯಾಗ ರೆಡಿಮೇಡ್ ಹಿಡಿ ಸಿಗ್ತದಲ್ಲ" ಅಂತೀರಿ. ಸಿಗ್ತದ. ತೊಗರಿ ಕೊಯ್ಯೋ ದಿನ ಮುರೀತಂದ್ರ ಚಿತ್ತಾಪುರಕ್ಕ ಹೋಗಿ ಬರೋದ್ರಾಗ ಆಳಿನ ಪಗಾರ ಹೋಯ್ತು. ನಮ್ಮ ಹೊಲದ ಜಾಲಿ ಕಟಿಗಿ ಒಲಿಗೆ, ಮೆತ್ತನ ಕಟಿಗಿ ಹಿಡಿ ರೊಕ್ಕ ಕೊಟ್ಟು. ಇದ್ಯಾವ ಲೆಕ್ಕ? ಚನ್ನಪಟ್ಟಣದಾಗ ಇಂಥ ಮಷೀನ್ ಮ್ಯಾಲೇ ಆಲೆ ಮರ ತಿರುಗಿಸಿ, ಅರಗು ಹಚ್ಚಿ, ಗೊಂಬಿ ಮಾಡಿ ಊರಿಗೂರೇ ಉಂಡದ.

ಎಲ್ಲಾ ಹಳೇದು ಉಳಿಸ್ರಿ ಅನ್ನಂಗಿಲ್ಲ. ಬೆಡ್ಡೇ ಸೀಳಿದ್ರ ಭಂಗಾರಕ್ಕ ಹಾಕ್ರಿ. ಆದ್ರ ಬಿಚ್ಚಿ ನೋಡದೆ ತೂಗಬ್ಯಾಡ್ರಿ. ನಮ್ಮ ಸನ್ನತಿದಾಗೇ ಅಶೋಕನ ಶಾಸನದ ಕಲ್ಲು ಕಾಳಿ ಮೂರ್ತಿ ಪೀಠಕ್ಕ ಬಳಸಿದ್ರು, ನಡುವ ತೂತು ಸಹಿತ ಕೊರೆದಿದ್ರು. 1986ರಾಗ ಗುಡಿ ಛಾವಣಿ ಕುಸಿದ ಮ್ಯಾಲೆ ಅದು ಏನಂತ ಜಗತ್ತಿಗೆ ತಿಳೀತು. ಪ್ರತಿ ಸಲ ಛಾವಣಿ ಕುಸೀಬೇಕೇನ್ರಿ?

ನಾನೂ ಸಾಚಾ ಅಲ್ಲ. ಅಪ್ಪನ ಕೂರಗಿ ಒಲಿಗೆ ಹಾಕಿದವನೇ ನಾ. ಅದು ಇನ್ನೂ ಚುಚ್ಚತದ.

ರಜೆಗೆ ಬಂದ ಮುತ್ಯಾನ ಮೊಮ್ಮಗ ಮೊನ್ನೆ ಅದೇ ಮಷೀನ್ ಮ್ಯಾಲೆ ಕುರುಪಿಗೆ ಹಿಡಿ ಮಾಡಿದ. ಮೊದಲನೇದು ಸೊಟ್ಟ ಆತು, ಎರಡನೇದು ನಾ ಬಳಸಲಿಕ್ಹತ್ತೀನಿ. ನಿಮ್ಮ ಹುಡುಗರನ್ನೂ ಕಳಿಸ್ರಿ. ಕೊರಳಾಗಿನ ಟವಲ್ ತೆಗೆದಿಟ್ಟು ಬರಲಿ, ಸುತ್ತಿಕೊಂಡ್ರ ಕಷ್ಟ. ನಿಮ್ಮ ಹಿತ್ತಲದಾಗ ಏನದ, ಇವತ್ತೇ ಹೋಗಿ ನೋಡ್ರಿ.